ಅಕೌಸ್ಟಿಕ್ ಗಿಟಾರ್ ಪ್ರೀಆಂಪ್

ಅಕೌಸ್ಟಿಕ್ ಗಿಟಾರ್ ಪ್ರೀಆಂಪ್ ಎಂಬುದು ಗಿಟಾರಿನ ಪಿಕಪ್‌ನಿಂದ ಹೊರಡುವ ದುರ್ಬಲ ವಿದ್ಯುತ್ ಸಂಕೇತವನ್ನು ಧ್ವನಿವರ್ಧಕ ವ್ಯವಸ್ಥೆಗೆ ತಲುಪಿಸುವ ಮುನ್ನ ಹದಗೊಳಿಸುವ ಸಾಧನ. ಇದು ಗಿಟಾರಿನ ಪಕ್ಕೆಯಲ್ಲಿಯೇ ಅಡಕವಾಗಿರಬಹುದು ಅಥವಾ ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಪೆಡಲ್ ರೂಪದಲ್ಲಿರಬಹುದು. ಮನೆಯಲ್ಲಿ ನುಡಿಸುವವರಿಗೆ ಇದರ ಅಗತ್ಯವಿಲ್ಲ. ತಬಲಾ, ಕೀಬೋರ್ಡ್, ಡ್ರಮ್ಸ್‌ಗಳ ನಡುವೆ ವೇದಿಕೆಯ ಮೇಲೆ ನುಡಿಸುವವರ ಗಿಟಾರ್ ಸಭಿಕರಿಗೆ ಗಿಟಾರಿನಂತೆಯೇ ಕೇಳಿಸುವುದು ಬಹುಮಟ್ಟಿಗೆ ಇದನ್ನು ಅವಲಂಬಿಸಿದೆ.

ಹಿನ್ನೆಲೆ

ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ ಉಂಟಾಗುವುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿಕೊಟ್ಟರು. ಪೀಜೋ ಪಿಕಪ್‌ನ ತತ್ತ್ವವೂ ಇದೇ. 1970ರ ದಶಕದಲ್ಲಿ ಓವೇಷನ್ ಕಂಪನಿಯ ಗಿಟಾರುಗಳ ಮೂಲಕ, ಬ್ರಿಡ್ಜ್‌ನಲ್ಲಿ ಪೀಜೋ ಅಳವಡಿಸುವ ಕ್ರಮ ವ್ಯಾಪಕವಾಯಿತು. ಅದಕ್ಕೂ ಮುನ್ನ ಗಿಟಾರಿನ ಮುಂದೆ ಮೈಕ್ ನಿಲ್ಲಿಸುವುದೇ ರೂಢಿಯಾಗಿತ್ತು; ಕಲಾವಿದ ಒಂದು ಗೇಣು ಸರಿದರೂ ದನಿ ಬದಲಾಗುತ್ತಿತ್ತು.

ಕರ್ನಾಟಕದಲ್ಲಿ ಸುಗಮ ಸಂಗೀತ ಮತ್ತು ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಹುಕಾಲ ಪಕ್ಕವಾದ್ಯವಾಗಿಯೇ ಇತ್ತು. ಶಿಶುನಾಳ ಶರೀಫರ ತತ್ತ್ವಪದಗಳನ್ನು ಅಕೌಸ್ಟಿಕ್ ಗಿಟಾರ್ ಹಿಡಿದು ಹಾಡುವ ರಘು ದೀಕ್ಷಿತ್ ಅವರಂಥ ಕಲಾವಿದರಿಂದಾಗಿ ಅದು ವೇದಿಕೆಯ ಮುಂಭಾಗಕ್ಕೆ ಬಂದಿತು.

ಇಂಪಿಡೆನ್ಸ್ ಹೊಂದಾಣಿಕೆ

ಪ್ರೀಆಂಪ್‌ನ ಕೆಲಸ ದನಿಯನ್ನು ಜೋರು ಮಾಡುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಅರ್ಧಸತ್ಯ. ಪೀಜೋ ಪಿಕಪ್ ಒಂದು ಚಿಕ್ಕ ಕೆಪಾಸಿಟರ್‌ನಂತೆ ವರ್ತಿಸುತ್ತದೆ. ಅದನ್ನು ಜೋಡಿಸಿದ ಉಪಕರಣದ ಒಳಹರಿವಿನ ಇಂಪಿಡೆನ್ಸ್ ಕಡಿಮೆಯಾದಷ್ಟೂ ಮಂದ್ರ ಸ್ವರಗಳು ಸೋರಿಹೋಗುತ್ತವೆ.

ಪಿಕಪ್‌ನ ಧಾರಣಶಕ್ತಿ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಂಡರೆ, 10 ಕಿಲೋಓಮ್‌ನ ಮಿಕ್ಸರ್ ಲೈನ್‌ಗೆ ನೇರವಾಗಿ ಜೋಡಿಸಿದಾಗ ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಕ್ಷೀಣಿಸತೊಡಗುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಸ್ವರ 82 ಹರ್ಟ್ಸ್ ಮಾತ್ರ. ಹೀಗಾಗಿ ಉಳಿಯುವುದು ತಗಡನ್ನು ಕೆರೆದಂಥ ಸದ್ದು. ಒಳಹರಿವು 1 ಮೆಗಾಓಮ್ ಆದರೆ ಈ ಗಡಿ 160 ಹರ್ಟ್ಸ್‌ಗೂ, 10 ಮೆಗಾಓಮ್ ಆದರೆ 16 ಹರ್ಟ್ಸ್‌ಗೂ ಇಳಿಯುತ್ತದೆ. ಎಲ್.ಆರ್. ಬ್ಯಾಗ್ಸ್ ಕಂಪನಿಯ ಪ್ಯಾರಾ ಡಿಐನಂತಹ ಪ್ರೀಆಂಪ್‌ಗಳಿಗೆ 10 ಮೆಗಾಓಮ್ ಒಳಹರಿವು ಇರಿಸಿರುವುದು ಇದೇ ಕಾರಣಕ್ಕೆ. ಇಲ್ಲಿ ಕಳೆದುಹೋದುದನ್ನು ಮುಂದೆ ಮಿಕ್ಸರ್‌ನ ಬಾಸ್ ಗುಂಡಿ ತಿರುಗಿಸಿ ಮರಳಿ ಪಡೆಯುವುದು ಕಷ್ಟ. ಗದ್ದಲವೂ ಜೊತೆಗೆ ಏರುತ್ತದೆ.

9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಒಳ ಪ್ರೀಆಂಪ್ ಇರುವ ಗಿಟಾರಿನಲ್ಲಿ ಈ ಹೊಂದಾಣಿಕೆ ಆಗಲೇ ನಡೆದಿರುತ್ತದೆ. ಅಂಥವರಿಗೆ ಹೊರಗಿನ ದುಬಾರಿ ಪ್ರೀಆಂಪ್‌ಗಿಂತ ಸಾದಾ ಡಿಐ ಪೆಟ್ಟಿಗೆಯೇ ಸಾಕಾಗಬಹುದು. ಸಾಮಾನ್ಯವಾಗಿ ಕೇಬಲ್ ಚುಚ್ಚಿದೊಡನೆ ಒಳ ಪ್ರೀಆಂಪ್ ಚಾಲೂ ಆಗುವುದರಿಂದ, ಕಾರ್ಯಕ್ರಮದ ಬಳಿಕ ಅದನ್ನು ಕೀಳದೆ ಬಿಟ್ಟರೆ ಬ್ಯಾಟರಿ ಬರಿದಾಗುತ್ತದೆ. ಇಳಿದ ಬ್ಯಾಟರಿಯಲ್ಲಿ ನುಡಿಸಿದಾಗ ದನಿ ಒಡೆಯುತ್ತದೆ.

ಫೀಡ್‌ಬ್ಯಾಕ್

ಧ್ವನಿವರ್ಧಕದ ಸದ್ದು ಗಿಟಾರಿನ ಒಡಲನ್ನು ಕಂಪಿಸಿ, ಆ ಕಂಪನ ಪಿಕಪ್ ಮೂಲಕ ಮತ್ತೆ ಧ್ವನಿವರ್ಧಕಕ್ಕೆ ಹೋಗುವ ಸುತ್ತಿಗೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಹೆಚ್ಚಿನ ಗಿಟಾರುಗಳ ಒಳಗಿನ ಗಾಳಿ 100 ಹರ್ಟ್ಸ್‌ನ ಆಸುಪಾಸಿನಲ್ಲಿ, ಮೇಲ್ಹಲಗೆ 200 ಹರ್ಟ್ಸ್‌ನ ಆಸುಪಾಸಿನಲ್ಲಿ ತಾನಾಗಿ ಅನುರಣಿಸುತ್ತದೆ. 'ಗುಂಯ್' ಎಂಬ ಊಳು ಮೊದಲು ಏಳುವುದು ಇಲ್ಲಿಯೇ.

ಆದ್ದರಿಂದ ಪ್ರೀಆಂಪ್ ಕೊಳ್ಳುವಾಗ ನೋಡಬೇಕಾದ ಮುಖ್ಯ ಗುಣ ನಾಚ್ ಫಿಲ್ಟರ್. ಇದು ಊಳಿಡುವ ಒಂದೇ ಆವರ್ತಾಂಕವನ್ನು ಕಿರಿದಾಗಿ ಕತ್ತರಿಸಿ ಉಳಿದ ನಾದವನ್ನು ಹಾಗೆಯೇ ಬಿಡುತ್ತದೆ. ಫೇಸ್ ಗುಂಡಿ ಇದ್ದರೆ ಅದನ್ನು ಮೊದಲು ಒತ್ತಿ ನೋಡುವುದು ಲೇಸು. ಕೆಲವೊಮ್ಮೆ ಅಷ್ಟರಲ್ಲೇ ಊಳು ನಿಲ್ಲುತ್ತದೆ. ನಾದರಂಧ್ರಕ್ಕೆ ಹಾಕುವ ರಬ್ಬರ್ ಮುಚ್ಚಳ ಅಗ್ಗವಾದರೂ ಪರಿಣಾಮಕಾರಿ. ಪೀಜೋ ಪಿಕಪ್‌ನ ಕರ್ಕಶತೆಗೆ ಮದ್ದು ಸಾಮಾನ್ಯವಾಗಿ 1,500ರಿಂದ 3,000 ಹರ್ಟ್ಸ್ ನಡುವೆ ತುಸು ತಗ್ಗಿಸುವುದು.

ಪೆಡಲ್‌ಗಳು

ಪೆಡಲ್‌ಗಳಲ್ಲಿ ಮೊದಲ ಸ್ಥಾನ ಟ್ಯೂನರ್‌ಗೆ. ಗಾಯಕರ ಶ್ರುತಿಗೆ ಹೊಂದಲು ಕೇಪೋ ಸರಿಸಿದಾಗಲೆಲ್ಲ ತಂತಿಗಳ ಶ್ರುತಿ ಕದಲುತ್ತದೆ. ಟ್ಯೂನರ್ ಒತ್ತಿದರೆ ಸಭೆಗೆ ಕೇಳಿಸದಂತೆ ಸರಿಪಡಿಸಿಕೊಳ್ಳಬಹುದು. ಒಳ ಪ್ರೀಆಂಪ್ ಇಲ್ಲದ ಪೀಜೋ ಗಿಟಾರನ್ನು ಮಾತ್ರ ಮೊದಲು ಹೊರಗಿನ ಪ್ರೀಆಂಪ್‌ಗೆ ಜೋಡಿಸಿ, ಉಳಿದ ಪೆಡಲ್‌ಗಳನ್ನು ಆ ಬಳಿಕ ಇಡಬೇಕು.

ಕಂಪ್ರೆಸರ್ ಮೆಲುದನಿಯನ್ನು ಮೇಲೆತ್ತುವುದರಿಂದ ಫೀಡ್‌ಬ್ಯಾಕ್‌ಗೂ ದಾರಿ ಮಾಡಿಕೊಡುತ್ತದೆ. ರಿವರ್ಬ್ ಬಯಲಿನಲ್ಲಿ ಹಿತವಾಗಿ ಕೇಳುತ್ತದೆ. ಗೋಡೆಗಳೇ ಪ್ರತಿಧ್ವನಿಸುವ ಕಲ್ಯಾಣ ಮಂಟಪದಲ್ಲಿ ಅದನ್ನು ಬಳಸದಿರುವುದೇ ಮೇಲು. ಕೋರಸ್, ಡಿಲೇ, ಲೂಪರ್‌ಗಳು ಅಭಿರುಚಿಗೆ ಬಿಟ್ಟ ವಿಷಯ.

ಬಯಲು ವೇದಿಕೆಗಳು

ದಾವಣಗೆರೆಯ ಸರಸ್ವತಿ ನಗರದಂತಹ ಬಡಾವಣೆಗಳ ಗಣೇಶೋತ್ಸವ ಪೆಂಡಾಲಾಗಲಿ, ಹರಿಹರದಂತಹ ಊರಿನ ಜಾತ್ರೆಯ ವೇದಿಕೆಯಾಗಲಿ, ಬಾಡಿಗೆಗೆ ತಂದ ಧ್ವನಿವರ್ಧಕ ಎಲ್ಲ ವಾದ್ಯಗಳಿಗೂ ಒಂದೇ ಆಗಿರುತ್ತದೆ. ಮಿಕ್ಸರ್ ವೇದಿಕೆಯಿಂದ ದೂರವಿರಬಹುದು. ಸಾಮಾನ್ಯ ಗಿಟಾರ್ ಕೇಬಲ್ ಆರೇಳು ಮೀಟರ್ ದಾಟಿದರೆ ಗದ್ದಲವನ್ನು ಹೀರಿಕೊಳ್ಳುತ್ತದೆ. ಪ್ರೀಆಂಪ್‌ನ ಡಿಐ ಹೊರಹರಿವಿನಿಂದ ಮೈಕ್ ಕೇಬಲ್ ಎಳೆದರೆ ಹತ್ತಾರು ಮೀಟರ್ ದೂರದವರೆಗೂ ದನಿ ಕೆಡುವುದಿಲ್ಲ.

ಸೀರಿಯಲ್ ದೀಪಗಳು, ಡಿಮ್ಮರ್‌ಗಳು ಮತ್ತು ಧ್ವನಿ ಉಪಕರಣಗಳು ಒಂದೇ ಲೈನಿನಲ್ಲಿದ್ದಾಗ 50 ಹರ್ಟ್ಸ್‌ನ ಹಮ್ ಕಾಡುವುದುಂಟು. ಡಿಐಯಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಇದಕ್ಕೆ ಸುರಕ್ಷಿತ ಪರಿಹಾರ. ಹಮ್ ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ಅರ್ಥಿಂಗ್ ಪಿನ್ ತೆಗೆಯುವ ಅಭ್ಯಾಸ ಕೆಲವೆಡೆ ಇದೆ, ಇದು ಪ್ರಾಣಾಪಾಯಕಾರಿ. ಕೈ ತಂತಿಯ ಮೇಲೂ ತುಟಿ ಮೈಕಿನ ಮೇಲೂ ಇರುವ ಗಾಯಕನ ದೇಹವೇ ಆಗ ವಿದ್ಯುತ್ ಹರಿಯುವ ದಾರಿಯಾಗಬಹುದು. ಮಳೆಗೆ ನೆನೆದ ವೇದಿಕೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅರ್ಥಿಂಗ್ ಸರಿಯಿಲ್ಲವೆಂಬ ಅನುಮಾನ ಬಂದರೆ, ಅದನ್ನು ಪರೀಕ್ಷಿಸಿ ಸರಿಪಡಿಸುವವರೆಗೆ ಗಿಟಾರನ್ನು ಧ್ವನಿವರ್ಧಕಕ್ಕೆ ಜೋಡಿಸಬಾರದು.