ಮೂರನೆಯ ರಿಯಾ

ಗುಸ್ತಾವ್ ಕ್ಲಿಮ್ಟ್ ಹೆಸರು ಕೇಳಿದೊಡನೆ ನೆನಪಾಗುವುದು ಚಿನ್ನದ ರೇಕು ಹಚ್ಚಿದ ‘ಚುಂಬನ’. ಕಾಫಿ ಮಗ್ಗು, ಕೊಡೆ, ಮೊಬೈಲ್ ಕವರು ಎಲ್ಲದರ ಮೇಲೂ ಅದೇ ಜೋಡಿ. ಆದರೆ ವಿಯೆನ್ನಾದ ಈ ಸಂಕೇತವಾದಿ ಚಿತ್ರಕಾರನ ಕೈ ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಬೇಕಾದರೆ ಮುಗಿಯದೆ ಉಳಿದ ‘ರಿಯಾ ಮುಂಕ್’ ಭಾವಚಿತ್ರವನ್ನೇ ನೋಡಬೇಕು.

ಆ ಚಿತ್ರದ ಹಿಂದೆ ಒಂದು ಸಾವಿದೆ. 1911ರ ಡಿಸೆಂಬರ್ ಕೊನೆಯಲ್ಲಿ, ಪ್ರೇಮ ಮುರಿದುಬಿದ್ದ ನೋವಿನಲ್ಲಿ, 24ರ ಹರೆಯದ ರಿಯಾ ಆತ್ಮಹತ್ಯೆ ಮಾಡಿಕೊಂಡಳು. ತಾಯಿ ಅರಾಂಕಾ ಮುಂಕ್ ಮಗಳ ಚಿತ್ರ ಬರೆದುಕೊಡುವಂತೆ ಕ್ಲಿಮ್ಟ್‌ನನ್ನು ಕೇಳಿದರು. ಮೊದಲನೆಯದು ಹೂಗಳ ನಡುವೆ ಮಲಗಿಸಿದ ಮೃತದೇಹದ ಚಿತ್ರ. ಎರಡನೆಯದು ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ಕ್ಲಿಮ್ಟ್ ಅದನ್ನೇ ತಿದ್ದಿ ‘ನರ್ತಕಿ’ ಮಾಡಿಬಿಟ್ಟ. ಮೂರನೆಯದು ಇದು. ಎದುರಿಗೆ ಕೂರಲು ಆಕೆಯೇ ಇಲ್ಲ. ಫೋಟೋ ಇಟ್ಟುಕೊಂಡು ಜೀವಕಳೆ ತರಿಸಬೇಕು. ಅಷ್ಟರಲ್ಲಿ 1918ರ ಜನವರಿಯಲ್ಲಿ ಕ್ಲಿಮ್ಟ್‌ಗೆ ಪಾರ್ಶ್ವವಾಯು ಬಡಿಯಿತು, ಫೆಬ್ರವರಿ 6ರಂದು ತೀರಿಕೊಂಡ.

ಸುಮಾರು 180 ಸೆಂಟಿಮೀಟರ್ ಎತ್ತರ, 90 ಅಗಲದ ಈ ಕ್ಯಾನ್ವಾಸಿನಲ್ಲಿ ಮುಖ ಮುಗಿದಿದೆ. ಕೆನ್ನೆಯಲ್ಲಿ ರಕ್ತ ಓಡಾಡುವಂತಿದೆ. ಹಿನ್ನೆಲೆಯ ಹೂಗಳು ಬಣ್ಣ ತುಂಬಿಕೊಂಡಿವೆ. ಉಡುಪು ಮಾತ್ರ ಬಹುಪಾಲು ಇದ್ದಿಲಿನ ಗೆರೆಗಳಲ್ಲೇ ನಿಂತಿದೆ. ಒಂದು ಅಂಚಿಗೆ ಎರಡು ಮೂರು ಗೆರೆ, ಅವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಪೂರ್ತಿಯಾದ ಕ್ಲಿಮ್ಟ್ ಚಿತ್ರಗಳಲ್ಲಿ ಅಲಂಕಾರ ಈ ತಡಕಾಟವನ್ನೆಲ್ಲ ಮುಚ್ಚಿಹಾಕುತ್ತದೆ. ನನಗಂತೂ ಚಿನ್ನಕ್ಕಿಂತ ಈ ಇದ್ದಿಲೇ ಹೆಚ್ಚು.

ಚಿತ್ರ ಮುಂಕ್ ಮನೆಗೆ ಸೇರಿತು. ನಾಜಿಗಳು ಬಂದರು. ಯಹೂದಿಯಾಗಿದ್ದ ಅರಾಂಕಾ 1941ರಲ್ಲಿ ಪೋಲೆಂಡಿನ ಲೋಡ್ಜ್‌ಗೆ ಗಡೀಪಾರಾಗಿ ಅಲ್ಲೇ ಸತ್ತರು. ಯುದ್ಧ ಮುಗಿದ ಮೇಲೆ ಭಾವಚಿತ್ರ ಲಿಂಟ್ಸ್ ನಗರದ ಸಂಗ್ರಹದಲ್ಲಿತ್ತು. ಅಲ್ಲಿನ ಲೆಂಟೋಸ್ ಮ್ಯೂಸಿಯಂ 2009ರಲ್ಲಿ ಅದನ್ನು ವಾರಸುದಾರರಿಗೆ ಹಿಂದಿರುಗಿಸಿತು. ಮರುವರ್ಷ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 1.88 ಕೋಟಿ ಪೌಂಡಿಗೆ ಮಾರಾಟವಾಗಿ ಖಾಸಗಿ ಕೈ ಸೇರಿತು.

ಇನ್ನು ಉಳಿದವರ ಪಾಲಿಗೆ ಪ್ರತಿಕೃತಿ. ಕಲಾವಿದ ಸತ್ತು 70 ವರ್ಷ ಕಳೆದರೆ ಯುರೋಪಿನಲ್ಲಿ ಕೃತಿಸ್ವಾಮ್ಯ ಮುಗಿಯುತ್ತದೆ, ಹಾಗಾಗಿ ಕ್ಲಿಮ್ಟ್‌ನನ್ನು ನಕಲು ಮಾಡಲು ಕಾನೂನಿನ ಅಡ್ಡಿಯಿಲ್ಲ. ಮೂಲವೆಂದು ಮಾರಿದರೆ ಮಾತ್ರ ಮೋಸ. ಕೈಯಿಂದಲೇ ತೈಲವರ್ಣದಲ್ಲಿ ಬರೆಯುವ ಪ್ರತಿಕೃತಿಗಳಿಗೆ ಹೆಸರಾದ ಊರು ಚೀನಾದ ಶೆಂಜೆನ್ ಬಳಿಯ ದಾಫೆನ್. 1989ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಹುವಾಂಗ್ ಜಿಯಾಂಗ್ ಅಲ್ಲಿ ಈ ದಂಧೆಗೆ ಅಡಿಪಾಯ ಹಾಕಿದರು. ವ್ಯಾನ್ ಗಾಗ್‌ನ ಸೂರ್ಯಕಾಂತಿಗಳು ಅಲ್ಲಿ ರಾಶಿರಾಶಿಯಾಗಿ ಅರಳುತ್ತವೆ.

ನಕಲು ಮಾಡುವ ಕ್ರಮ ಸರಳವಾಗಿ ಕಾಣುತ್ತದೆ. ಮೂಲದ ಫೋಟೋ ಮೇಲೂ ಖಾಲಿ ಕ್ಯಾನ್ವಾಸಿನ ಮೇಲೂ ಚೌಕಗಳನ್ನು ಎಳೆದು, ಒಂದೊಂದು ಚೌಕವನ್ನೂ ಅಳತೆಗೆ ತಕ್ಕಂತೆ ಇಳಿಸುವುದು. ತೆಳು ಬಣ್ಣದಲ್ಲಿ ನೆಳಲು ಬೆಳಕು ಹಾಕಿಕೊಳ್ಳುವುದು. ಒಣಗಿದ ಮೇಲೆ ಪದರಪದರವಾಗಿ ಏರಿಸುವುದು. ಎಣ್ಣೆಬಣ್ಣ ನಿಧಾನವಾಗಿ ಒಣಗುವುದರಿಂದ ಅವಸರ ಮಾಡಿದರೆ ಕೆಳಪದರ ಕದಡುತ್ತದೆ.

ರಿಯಾಳ ಮುಂದೆ ಈ ಕ್ರಮವೇ ತಲೆಕೆಳಗಾಗುತ್ತದೆ. ನುರಿತ ಕೈಗೆ ಮುಖ ಕಷ್ಟವಲ್ಲ, ಹೂಗಳಂತೂ ಅಲ್ಲವೇ ಅಲ್ಲ. ಕಷ್ಟವಿರುವುದು ಬಿಟ್ಟ ಜಾಗದಲ್ಲಿ. ಕ್ಲಿಮ್ಟ್‌ನ ಇದ್ದಿಲು ಗೆರೆ ದಾರಿ ಹುಡುಕುತ್ತಿತ್ತು. ನಕಲುಗಾರನಿಗೆ ದಾರಿ ಮೊದಲೇ ಗೊತ್ತು. ಅನುಮಾನದಿಂದ ಎಳೆದ ಗೆರೆಯನ್ನು ಈತ ಖಚಿತವಾಗಿ ಎಳೆಯಬೇಕು. ಚೌಕ ನೋಡಿ ನಿಧಾನವಾಗಿ ಇಳಿಸಿದರೆ ಗೆರೆ ತಂತಿಯಂತೆ ಬಿಗಿಯುತ್ತದೆ. ತೋಳು ಬೀಸಿ ಎಳೆದರೆ ಜಾಗ ತಪ್ಪುತ್ತದೆ. ಇನ್ನೊಂದು ಅಪಾಯ, ಅಭ್ಯಾಸದ್ದು: ಖಾಲಿ ಕಂಡರೆ ತುಂಬಬೇಕೆನಿಸುವುದು. ಗಿರಾಕಿಯೂ ದುಡ್ಡು ಕೊಟ್ಟ ಮೇಲೆ ಮುಗಿದ ಚಿತ್ರವನ್ನೇ ಬಯಸಬಹುದು. ಹಾಗೆ ಮುಗಿಸಿದ ಉಡುಪು ಎಷ್ಟೇ ಚೆನ್ನಾಗಿದ್ದರೂ ಅದು ಕ್ಲಿಮ್ಟ್ ಬರೆಯದ ಚಿತ್ರ.

ಪ್ರತಿಕೃತಿ ಕೊಳ್ಳುವವರು ಸಾಮಾನ್ಯವಾಗಿ ಮುಖ ಹೋಲುತ್ತದೆಯೇ ಎಂದು ನೋಡುತ್ತಾರೆ. ಈ ಚಿತ್ರದ ಮಟ್ಟಿಗೆ ಭುಜದಿಂದ ಕೆಳಗೆ ನೋಡುವುದು ಒಳ್ಳೆಯದು. ಇದ್ದಿಲಿನ ಜಾಗದಲ್ಲಿ ಕಪ್ಪು ಬಣ್ಣದ ಕುಂಚದ ಗೆರೆ ಇದೆಯೇ, ಒಂದರ ಪಕ್ಕ ಒಂದಿದ್ದ ಗೆರೆಗಳನ್ನು ಅಚ್ಚುಕಟ್ಟಿಗೆಂದು ಒಂದೇ ಮಾಡಿದ್ದಾರೆಯೇ, ಬರಿದಾಗಿದ್ದ ಕ್ಯಾನ್ವಾಸಿಗೆ ಬಿಳಿ ಬಣ್ಣ ಬಳಿದಿದ್ದಾರೆಯೇ ಎಂದು ವಿಚಾರಿಸಿ, ಆಮೇಲೆ ಬೆಲೆ ಮಾತಾಡಬಹುದು.