ಕಾರಿಗೆ ದೊಡ್ಡ ಟೈರು: ಎರೆಭೂಮಿಯ ದಾರಿಯಲ್ಲಿ ಲಾಭವೆಷ್ಟು?

ಕಾರಿನ ಟೈರು ಸವೆದು ಹೊಸದನ್ನು ಹಾಕಿಸುವ ಹೊತ್ತು ಬಂದಾಗ, ಕಂಪನಿ ಕೊಟ್ಟ ಅಳತೆಯಲ್ಲೇ ಮುಂದುವರಿಯಬೇಕೋ ಅಥವಾ ಅದಕ್ಕಿಂತ ದೊಡ್ಡದನ್ನು ಹಾಕಿಸಬೇಕೋ ಎಂಬುದು ಕಲಬುರಗಿಯಂಥ ಊರಿನಲ್ಲಿ ಬರೀ ಅಂದಚೆಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಗರದಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹುಮನಾಬಾದ್ ದಿಕ್ಕಿಗೆ ಸಾಗಿ, ಕಪನೂರು, ಕುರಿಕೋಟಾ ದಾಟಿ ಕಮಲಾಪುರ ಮುಟ್ಟುವ ಕಾರು ಅದೇ ದಿನ ಹೆದ್ದಾರಿ ಬಿಟ್ಟು ತೊಗರಿ ಹೊಲದ ಅಥವಾ ಹೆಸರುವಾಸಿಯಾದ ಕೆಂಪು ಬಾಳೆಯ ತೋಟದ ಬಂಡಿದಾರಿಗೂ ಇಳಿಯುತ್ತದೆ; ಬೇಸಿಗೆಯಲ್ಲಿ ಕಾದ ಡಾಂಬರು, ಮಳೆಗಾಲದಲ್ಲಿ ಅಂಟುವ ಕರಿಮಣ್ಣು, ವರ್ಷವಿಡೀ ತಗ್ಗು ಮತ್ತು ಹಂಪುಗಳು ಅದರ ಪಾಲಿಗೆ ಇದ್ದದ್ದೇ. ಹೀಗಿರುವಾಗ ಟೈರು ಒಂದಿಷ್ಟು ದೊಡ್ಡದಾದರೆ ಎಲ್ಲ ಸರಿಹೋದೀತು ಎಂಬ ಆಸೆ ಸಹಜವಾದರೂ, ಆ ಆಸೆಯಲ್ಲಿ ಎಷ್ಟು ಕೈಗೂಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಲೆಕ್ಕಕ್ಕೆ ಬೇಕಾದುದೆಲ್ಲ ಟೈರಿನ ಪಕ್ಕದ ಗೋಡೆಯ ಮೇಲೆಯೇ ಅಚ್ಚಾಗಿರುತ್ತದೆ. 185/65 ಆರ್ 15 ಎಂಬ ಬರಹದಲ್ಲಿ 185 ಎಂಬುದು ಟೈರಿನ ಅಗಲವನ್ನು ಮಿಲಿಮೀಟರಿನಲ್ಲಿ ಹೇಳಿದರೆ, 65 ಎಂಬುದು ಪಕ್ಕದ ಗೋಡೆಯ ಎತ್ತರವು ಆ ಅಗಲದ ಶೇ. 65ರಷ್ಟು, ಅಂದರೆ ಸುಮಾರು 120 ಮಿ.ಮೀ. ಇದೆಯೆಂದು ತಿಳಿಸುತ್ತದೆ, ಆರ್ ಎಂಬುದು ರೇಡಿಯಲ್ ರಚನೆಯನ್ನೂ, 15 ಎಂಬುದು ಟೈರು ಕೂರುವ ರಿಮ್ಮಿನ ವ್ಯಾಸವನ್ನು ಇಂಚಿನಲ್ಲಿಯೂ ಸೂಚಿಸುತ್ತವೆ. ರಿಮ್ಮಿನ ವ್ಯಾಸಕ್ಕೆ ಮೇಲಿನ ಮತ್ತು ಕೆಳಗಿನ ಎರಡು ಗೋಡೆಗಳ ಎತ್ತರವನ್ನು ಕೂಡಿಸಿದರೆ ಇಡೀ ಗಾಲಿಯ ವ್ಯಾಸ 621.5 ಮಿ.ಮೀ. ಎಂದು ಸಿಗುತ್ತದೆ. ಇದರ ಮುಂದೆ ಬರುವ 88 ಎಚ್ ಎಂಬಂಥ ಗುರುತನ್ನು ಅನೇಕರು ಓದುವುದೇ ಇಲ್ಲ. 88 ಎಂದರೆ ಆ ಒಂದು ಟೈರು ಹೆಚ್ಚೆಂದರೆ 560 ಕೆ.ಜಿ. ಭಾರ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗಿನ ವೇಗಕ್ಕೆ ಅದನ್ನು ಪರೀಕ್ಷಿಸಲಾಗಿದೆ ಎಂದರ್ಥ. ಅಗಲ ಹೆಚ್ಚಿಸುವ ಉತ್ಸಾಹದಲ್ಲಿ ಭಾರದ ಅಂಕಿ ಕಡಿಮೆಯಿರುವ ಟೈರನ್ನು ಹಾಕಿಸುವುದು ಯಾವ ಕಾರಣಕ್ಕೂ ಸಲ್ಲದು.

ದೊಡ್ಡ ಟೈರು ಎಂಬ ಮಾತಿಗೆ ಎರಡು ಬೇರೆ ಅರ್ಥಗಳಿವೆ, ಗೊಂದಲ ಹುಟ್ಟುವುದು ಅಲ್ಲಿಯೇ. ಗಾಲಿಯ ಒಟ್ಟು ವ್ಯಾಸವನ್ನು ಹಾಗೆಯೇ ಉಳಿಸಿಕೊಂಡು ಅಗಲವನ್ನೋ ರಿಮ್ಮನ್ನೋ ಹೆಚ್ಚಿಸುವುದು ಒಂದು ಬಗೆಯಾದರೆ, ವ್ಯಾಸವನ್ನೇ ಹಿಗ್ಗಿಸುವುದು ಇನ್ನೊಂದು ಬಗೆ. ಮೊದಲನೆಯದನ್ನು ಕಾರು ಕಂಪನಿಗಳೇ ಮಾಡುತ್ತವೆ. ಮಾರುತಿ ಸ್ವಿಫ್ಟ್ ಕಾರಿನ ಕೆಳಗಿನ ವೇರಿಯಂಟ್‌ಗಳಿಗೆ 165/80 ಆರ್ 14 ಟೈರು ಬಂದರೆ ಮೇಲಿನವಕ್ಕೆ 185/65 ಆರ್ 15 ಬರುತ್ತದೆ; ಹೆಸರಿನಲ್ಲಿ ಇಷ್ಟು ಅಂತರವಿದ್ದರೂ ಮೊದಲನೆಯದರ ವ್ಯಾಸ 619.6 ಮಿ.ಮೀ., ಎರಡನೆಯದರದು 621.5 ಮಿ.ಮೀ., ಅಂದರೆ ವ್ಯತ್ಯಾಸ ಎರಡು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಎಂಜಿನಿಯರುಗಳು ಅಗಲವನ್ನು ಬದಲಿಸಿಯೂ ವ್ಯಾಸವನ್ನು ಇಷ್ಟು ಜೋಪಾನವಾಗಿ ಕಾಯ್ದುಕೊಂಡಿರುವುದು ಕಾಕತಾಳೀಯವಲ್ಲ. ಗೇರು, ಬ್ರೇಕು, ವೇಗಮಾಪಕ ಎಲ್ಲವೂ ಆ ವ್ಯಾಸವನ್ನು ನಂಬಿಕೊಂಡು ಕೆಲಸ ಮಾಡುತ್ತವೆ.

ಈ ಭಾಗದಲ್ಲಿ ದೊಡ್ಡ ಟೈರು ಬಯಸುವವರು ಮುಖ್ಯವಾಗಿ ಹೇಳುವ ಕಾರಣ, ಕಾರಿನ ಹೊಟ್ಟೆ ಹಂಪಿಗೆ ತಾಗುತ್ತದೆ ಎಂಬುದು. ಮೇಲೆ ಹೇಳಿದ 185/65 ಆರ್ 15ರ ಜಾಗದಲ್ಲಿ 205/65 ಆರ್ 15 ಹಾಕಿದರೆ ವ್ಯಾಸ 647.5 ಮಿ.ಮೀ. ಆಗಿ 26 ಮಿ.ಮೀ. ಹೆಚ್ಚುತ್ತದೆ ನಿಜ, ಆದರೆ ಅಚ್ಚು ಗಾಲಿಯ ನಡುವೆ ಇರುವುದರಿಂದ ಕಾರು ಏರುವುದು ಅದರ ಅರ್ಧದಷ್ಟು, ಬರೀ 13 ಮಿ.ಮೀ. ಮಾತ್ರ. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿಯಲ್ಲಿ ತೊಗರಿಬೇಳೆಯ ಚೀಲ ಇಟ್ಟರೆ ಸ್ಪ್ರಿಂಗುಗಳು ಇದಕ್ಕಿಂತ ಎಷ್ಟೋ ಹೆಚ್ಚು ಕುಸಿಯುತ್ತವೆ. ಕಾರಿನ ಹೊಟ್ಟೆ ತಾಗುವುದೇ ತೊಂದರೆಯಾದರೆ ದಣಿದ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರನ್ನು ಪರೀಕ್ಷಿಸುವುದು ಮೊದಲ ಕೆಲಸ, ಟೈರು ಆಮೇಲಿನದು.

ಆ 13 ಮಿ.ಮೀ.ಗೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ವ್ಯಾಸ ಶೇ. 4ಕ್ಕಿಂತ ತುಸು ಹೆಚ್ಚಿದುದರಿಂದ ಗಾಲಿಯ ಒಂದು ಸುತ್ತಿಗೆ ಕಾರು ಅಷ್ಟೇ ಪ್ರಮಾಣದಲ್ಲಿ ಹೆಚ್ಚು ದೂರ ಸಾಗುತ್ತದೆ, ಆದರೆ ಸುತ್ತುಗಳನ್ನಷ್ಟೇ ಎಣಿಸುವ ಮೀಟರಿಗೆ ಅದು ಗೊತ್ತಾಗುವುದಿಲ್ಲ. ಹಿಂದೆ ಮೀಟರು 80 ತೋರಿಸುತ್ತಿದ್ದ ವೇಗಕ್ಕೂ ಈಗ 80 ತೋರಿಸುವ ವೇಗಕ್ಕೂ ಗಂಟೆಗೆ ಮೂರು ಕಿಲೋಮೀಟರಿಗೂ ಮೀರಿದ ಅಂತರವಿರುತ್ತದೆ, 10,000 ಕಿ.ಮೀ. ಓಡಿದರೆ ಲೆಕ್ಕಕ್ಕೆ ಬರುವುದು ಸುಮಾರು 9,600 ಮಾತ್ರ. ಮೈಲೇಜು ಇಳಿದಂತೆ ಕಾಣುವುದಕ್ಕೆ ಒಂದು ಕಾರಣ ಈ ಎಣಿಕೆಯ ತಪ್ಪಾದರೆ, ಇನ್ನೊಂದು ಕಾರಣ ನಿಜವಾದ ನಷ್ಟ: ಭಾರವಾದ ಗಾಲಿಯನ್ನು ತಿರುಗಿಸಲು ಎಂಜಿನ್ನಿಗೂ, ನಿಲ್ಲಿಸಲು ಬ್ರೇಕಿಗೂ ಹೆಚ್ಚು ಶ್ರಮ ಬೀಳುತ್ತದೆ, ಸಣ್ಣ ಎಂಜಿನ್ನಿನ ಕಾರು ತುಂಬು ಭಾರದಲ್ಲಿ ಏರು ಹತ್ತುವಾಗ ಒಂದು ಗೇರು ಕೆಳಗೆ ಇಳಿಸಲೇಬೇಕಾಗುತ್ತದೆ. ಅಗಲದ ಟೈರಿಗೆ ರಿಮ್ಮೂ ತಕ್ಕಷ್ಟು ಅಗಲವಿರಬೇಕು. 205/65 ಆರ್ 15ಕ್ಕೆ ಕನಿಷ್ಠ ಐದೂವರೆ ಇಂಚು ಅಗಲದ ರಿಮ್ಮು ಬೇಕಾಗಿದ್ದು, ಅದಕ್ಕಿಂತ ಕಿರಿದಾದ ರಿಮ್ಮಿನ ಮೇಲೆ ಕೂರಿಸಿದರೆ ಟೈರಿನ ನಡುಭಾಗ ಉಬ್ಬಿ ಅಲ್ಲೇ ಬೇಗ ಸವೆಯುತ್ತದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿ ಹಳೆಯ ಅಳತೆಯದೇ ಆಗಿ ಉಳಿದರೆ, ಪಂಕ್ಚರ್ ಆದ ದಿನ ಒಂದೇ ಅಚ್ಚಿನ ಎರಡು ತುದಿಗೆ ಎರಡು ಅಳತೆಯ ಗಾಲಿಗಳು ಬಂದು ಕಾರು ಒಂದು ಪಕ್ಕಕ್ಕೆ ಎಳೆಯತೊಡಗುತ್ತದೆ.

ಅಗಲ ಹೆಚ್ಚಿದರೆ ಹಿಡಿತವೂ ಹೆಚ್ಚುತ್ತದೆ ಎಂಬ ಮಾತು ಅರ್ಧ ಮಾತ್ರ ಸರಿ. ಪ್ರಯಾಣಿಕರೂ ಸೇರಿ 1,200 ಕೆ.ಜಿ. ತೂಗುವ ಕಾರಿನ ಒಂದೊಂದು ಗಾಲಿಯ ಮೇಲೆ 300 ಕೆ.ಜಿ. ಬೀಳುತ್ತದೆಂದು ಇಟ್ಟುಕೊಂಡರೆ, 33 ಪಿಎಸ್‌ಐ ಹವಾ ತುಂಬಿದ ಟೈರು ಚದರ ಸೆಂಟಿಮೀಟರಿಗೆ ಸುಮಾರು 2.3 ಕೆ.ಜಿ. ಹೊರುವುದರಿಂದ, ನೆಲಕ್ಕೆ ತಾಗಿರುವ ಭಾಗ ಸುಮಾರು 130 ಚದರ ಸೆಂಟಿಮೀಟರು, ಅಂದರೆ ಒಂದು ಅಂಗೈಯಷ್ಟು. ಹವಾ ಮತ್ತು ಭಾರ ಬದಲಾಗದಿದ್ದರೆ ಟೈರು ಅಗಲವಾದರೂ ಈ ವಿಸ್ತೀರ್ಣ ಹೆಚ್ಚೇನೂ ಬೆಳೆಯುವುದಿಲ್ಲ, ಆಕಾರ ಮಾತ್ರ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಣ ಡಾಂಬರಿನ ತಿರುವಿನಲ್ಲಿ ಇದು ಅನುಕೂಲವೇ. ಆದರೆ ರಸ್ತೆಯ ಮೇಲೆ ನೀರು ನಿಂತಾಗ ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗಿ ಬಂದು, ಅದು ಸಾಧ್ಯವಾಗದ ವೇಗದಲ್ಲಿ ನೀರಿನ ಪದರದ ಮೇಲೆಯೇ ತೇಲಿ, ಸ್ಟೀರಿಂಗು ಚಾಲಕನ ಮಾತು ಕೇಳದಂತಾಗುತ್ತದೆ.

ಕರಿಮಣ್ಣಿನ ವಿಷಯ ಇದಕ್ಕಿಂತ ಗಂಭೀರ. ಕಲಬುರಗಿ ಸೀಮೆಯ ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಜಾತಿಯದು. ಅದರ ಮೇಲೆ ಹಾಕಿದ ರಸ್ತೆ ಅಲೆಅಲೆಯಾಗುವುದಕ್ಕೆ ಇದೂ ಒಂದು ಕಾರಣ. ಒಂದು ಹದಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿದ ಕಾರಿನ ಗಾಲಿಯನ್ನು ಹತ್ತಿರದಿಂದ ನೋಡಿದರೆ, ಮೊದಲ ಕೆಲವು ಸುತ್ತುಗಳಲ್ಲೇ ಟೈರಿನ ಗೀರುಗಳು ಮಣ್ಣಿನಿಂದ ಮುಚ್ಚಿ ನುಣ್ಣಗಾಗುವುದೂ, ಆಮೇಲೆ ಮಣ್ಣಿನ ಮೇಲೆ ಮಣ್ಣು ಸುತ್ತಿಕೊಂಡು ಮಡ್‌ಗಾರ್ಡಿನ ಒಳಮೈಗೆ ಉಜ್ಜುವುದೂ, ಕಡೆಗೆ ಗಾಲಿ ತಿರುಗದೆ ಜಾರುವುದೂ ಕಾಣುತ್ತದೆ. ಟೈರು ದೊಡ್ಡದಾದಷ್ಟೂ ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಕಿರಿದಾಗುವುದರಿಂದ, ಕೆಸರಿಗೆಂದೇ ಹಾಕಿಸಿದ ದೊಡ್ಡ ಟೈರು ಕೆಸರಿನಲ್ಲೇ ಬೇಗ ಸಿಕ್ಕಿಬೀಳುತ್ತದೆ. ತೊಗರಿ ಕೊಯ್ದ ಹೊಲದಲ್ಲಿ ನಿಂತಿರುವ ಚೂಪು ಕೂಳೆಗೂ ಬೇಲಿಯ ಜಾಲಿಮುಳ್ಳಿಗೂ ಅಗಲದ ಟೈರು ಹೆಚ್ಚು ಜಾಗ ಒಡ್ಡುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಬಿಸಿಲಿನ ಲೆಕ್ಕವೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾಗಿದ್ದು, ಉಷ್ಣತೆ 5ರಿಂದ 6 ಡಿಗ್ರಿ ಏರಿದರೆ ಟೈರಿನೊಳಗಿನ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಬಿಸಿಲಿಗೆ ಟೈರು ಒಡೆದೀತೆಂದು ಹವಾ ಕಡಿಮೆ ಇಡುವ ರೂಢಿ ಅಪಾಯಕಾರಿ, ಏಕೆಂದರೆ ಹವಾ ಕಡಿಮೆಯಿದ್ದಾಗ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ, ಆ ಬಾಗುವಿಕೆಯೇ ಟೈರನ್ನು ಒಳಗಿನಿಂದ ಕಾಯಿಸಿ ಒಡೆಯುವಂತೆ ಮಾಡುತ್ತದೆ. ಬೆಳಗಿನ ತಂಪಿನಲ್ಲಿ, ಕಾರು ಓಡಿಸುವ ಮೊದಲು, ಕಂಪನಿ ಹೇಳಿದಷ್ಟು ಹವಾ ತುಂಬಿಸುವುದೇ ಸರಿಯಾದ ಕ್ರಮ. ಅಂದಕ್ಕಾಗಿ 16 ಇಂಚಿನ ಅಲಾಯ್ ಹಾಕಿ 195/55 ಆರ್ 16 ಆರಿಸಿಕೊಂಡರೆ ವ್ಯಾಸ ಬಹುತೇಕ ಹಾಗೆಯೇ ಉಳಿಯುತ್ತದೆ, ಆದರೆ ಗೋಡೆಯ ಎತ್ತರ 120ರಿಂದ 107 ಮಿ.ಮೀ.ಗೆ ಇಳಿದು, ತಗ್ಗಿಗೆ ಬಿದ್ದಾಗ ಹೊಡೆತ ನೇರವಾಗಿ ರಿಮ್ಮಿಗೆ ತಟ್ಟುತ್ತದೆ.

ಕಾನೂನಿನ ಮಾತು ಚಿಕ್ಕದು, ಆದರೆ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡವೋ ಆರು ತಿಂಗಳವರೆಗಿನ ಸೆರೆಯೋ ಬೀಳಬಹುದು. ವಿಮಾ ಕಂಪನಿ ಅಪಘಾತದ ಬಳಿಕ ಇದೇ ಪ್ರಶ್ನೆ ಎತ್ತಿದರೆ ಮಾಲೀಕರ ಬಳಿ ಉತ್ತರವಿರುವುದಿಲ್ಲ.

ಆದ್ದರಿಂದ ಕಲಬುರಗಿ ಮತ್ತು ಕಮಲಾಪುರದ ನಡುವೆ ಓಡಾಡುವ ಸಾಮಾನ್ಯ ಕುಟುಂಬದ ಕಾರಿಗೆ ಕಂಪನಿಯ ಅಳತೆಯೇ ತಕ್ಕದ್ದು. ಕೆಳಗಿನ ವೇರಿಯಂಟಿನ ಕಾರು ಇದ್ದವರು ಅದೇ ಮಾದರಿಯ ಮೇಲಿನ ವೇರಿಯಂಟಿಗೆ ಕಂಪನಿ ಕೊಟ್ಟಿರುವ ಟೈರು ಮತ್ತು ರಿಮ್ಮನ್ನು, ಸ್ಟೆಪ್ನಿಯನ್ನೂ ಸೇರಿಸಿ, ಹಾಕಿಸಿಕೊಳ್ಳುವುದಾದರೆ ಅದು ಒಪ್ಪತಕ್ಕ ಬದಲಾವಣೆ. ವ್ಯಾಸವನ್ನೇ ಹಿಗ್ಗಿಸುವ ಬದಲಾವಣೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಅದಕ್ಕೆ ಹಾಕಬೇಕೆಂದಿದ್ದ ಹಣದಲ್ಲಿ ಅದೇ ಅಳತೆಯ ಉತ್ತಮ ದರ್ಜೆಯ, ಇತ್ತೀಚೆಗೆ ತಯಾರಾದ ಟೈರು ಕೊಳ್ಳಬಹುದು. ಗೋಡೆಯ ಮೇಲಿನ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ, 1825 ಎಂದಿದ್ದರೆ ಅದು 2025ರ ಹದಿನೆಂಟನೆಯ ವಾರದಲ್ಲಿ ತಯಾರಾದುದು. ಗೀರಿನ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರ ಕಾರಿನ ಟೈರಿನ ಆಯುಷ್ಯ ಮುಗಿದಂತೆ, ಅಲ್ಲಿಯವರೆಗೆ ಕಾಯದೆ ಮಳೆಗಾಲಕ್ಕೆ ಮುಂಚೆಯೇ ಬದಲಿಸುವುದು ಲೇಸು. ಅಂಗಡಿಗೆ ಹೋಗುವ ಮೊದಲು ಚಾಲಕರ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯನ್ನು ಓದಿ, ಅದರಲ್ಲಿರುವ ಅಳತೆ ಮತ್ತು ಹವಾದ ಅಂಕಿಗಳನ್ನು ಬರೆದುಕೊಂಡು ಹೋಗಬೇಕೆಂಬುದು ಓದುಗರಲ್ಲಿ ವಿನಂತಿ.