ಫಜ್ರ್ ನಂತರದ ಅರ್ಧ ಗಂಟೆ

ರಮಝಾನ್‌ನಲ್ಲಿ ಸಹರಿಗೆಂದು ಬೇಗ ಏಳುವ ಅಭ್ಯಾಸ ಶವ್ವಾಲ್ ಬಂದೊಡನೆ ತಪ್ಪಿಹೋಗುತ್ತದೆ. ಈ ಬಾರಿ ಹಾಗಾಗಬಾರದೆಂದು, ಫಜ್ರ್ ನಮಾಝ್ ಮತ್ತು ಕುರ್‌ಆನ್ ಪಾರಾಯಣದ ಬಳಿಕ ಅರ್ಧ ಗಂಟೆ ಪುಸ್ತಕ ಓದಲು ನಿರ್ಧರಿಸಿದೆ. ಪ್ರವಾದಿ(ಸ)ಯವರಿಗೆ ಅವತೀರ್ಣವಾದ ಪ್ರಥಮ ವಾಣಿಯ ಮೊದಲ ಪದವೇ 'ಓದು' ಎಂದು ಮಕ್ಕಳಿಗೆ ಕಲಿಸುವ ನಾವು, ಮದುವೆಯಾದ ಮೇಲೆ ಓದಿದ್ದಾದರೂ ಎಷ್ಟು?

ಮೊದಲು ಕೈಗೆತ್ತಿಕೊಂಡದ್ದು ಬಂಗಾಳದ ರುಕಿಯಾ ಸಖಾವತ್ ಹುಸೇನ್‌ರ 'ಸುಲ್ತಾನಾಸ್ ಡ್ರೀಮ್'. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪುಟ್ಟ ಇಂಗ್ಲಿಷ್ ಕಥೆ. ಸ್ತ್ರೀಯರೇ ಆಳುವ ಆ ನಾಡಿನಲ್ಲಿ ವಿಶ್ವವಿದ್ಯಾನಿಲಯದ ಮಹಿಳೆಯರು ಮೋಡದಿಂದ ನೀರು ಸಂಗ್ರಹಿಸುತ್ತಾರೆ, ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ. ಓದುತ್ತಾ ನಗು ಬಂತು. ಆದರೆ ಲೇಖಕಿ ಬಾಲ್ಯದಲ್ಲಿ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅಣ್ಣನಿಂದ ಅಕ್ಷರ ಕಲಿತವರು, 1911ರಲ್ಲಿ ಕೋಲ್ಕತ್ತಾದಲ್ಲಿ ಮುಸ್ಲಿಮ್ ಹೆಣ್ಮಕ್ಕಳಿಗಾಗಿ ಶಾಲೆ ನಡೆಸಿದವರು ಎಂದು ತಿಳಿದಾಗ ನಗು ನಿಂತಿತು.

ಎರಡನೆಯದು ಮುಹಮ್ಮದ್ ಅಸದ್‌ರ 'ದಿ ರೋಡ್ ಟು ಮೆಕ್ಕಾ'. ಪದಕೋಶ ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಯಿತು. 1926ರಲ್ಲಿ ಬರ್ಲಿನ್‌ನ ರೈಲಿನಲ್ಲಿ ಚೆನ್ನಾಗಿ ಉಡುಪು ಧರಿಸಿದ್ದ ಪ್ರಯಾಣಿಕರ ಮುಖಗಳಲ್ಲಿ ಅವರು ಕಂಡದ್ದು ನೋವು. ಮನೆಗೆ ಬಂದಾಗ ತೆರೆದಿದ್ದ ಕುರ್‌ಆನ್‌ನಲ್ಲಿ ಕಣ್ಣಿಗೆ ಬಿದ್ದದ್ದು 'ಅತ್ತಕಾಸುರ್' ಅಧ್ಯಾಯ. ಚಿಕ್ಕಂದಿನಿಂದ ಬಾಯಿಪಾಠವಿರುವ ಆ ಅಧ್ಯಾಯದ ಮುಂದೆ, ನನ್ನ ಕಪಾಟಿನ ಸೀರೆಗಳನ್ನು ನೆನೆದು, ನಾನೂ ಸ್ವಲ್ಪ ಹೊತ್ತು ಸುಮ್ಮನಾದೆ.

ಮೂರನೆಯದು ಸಾರಾ ಅಬೂಬಕ್ಕರ್‌ರ 'ಚಂದ್ರಗಿರಿಯ ತೀರದಲ್ಲಿ'. ಹುಡುಗಿಯಾಗಿದ್ದಾಗ 'ಅದನ್ನು ಓದಬೇಡ' ಎಂದು ಹಿರಿಯರು ಹೇಳಿದ್ದರು. ಕನ್ನಡ ಓದಲು ಬಾರದ ನನ್ನ ಉಮ್ಮನಿಗೆ ಈ ಕಾದಂಬರಿಯನ್ನು ಮಧ್ಯಾಹ್ನದ ಹೊತ್ತು ಗಟ್ಟಿಯಾಗಿ ಓದಿ ಹೇಳಿದೆ. ತಂದೆಯ ಹಟಕ್ಕೆ ನಾದಿರಾಳ ಸಂಸಾರ ಮುರಿಯುತ್ತದೆ. ಮತ್ತೆ ಗಂಡನನ್ನು ಸೇರಬೇಕಾದರೆ ಬೇರೊಬ್ಬನೊಡನೆ ಒಂದು ರಾತ್ರಿಯ ಮದುವೆಯಾಗಬೇಕೆನ್ನುತ್ತಾರೆ. ಅವಳು ಮಸೀದಿಯ ಕೆರೆಯ ಪಾಲಾಗುತ್ತಾಳೆ. ಪುಸ್ತಕ ಮುಚ್ಚಿದಾಗ ಉಮ್ಮ ಸೆರಗಿನಿಂದ ಕಣ್ಣೊರೆಸಿ, "ಆ ಹುಡುಗಿಯನ್ನು ಒಬ್ಬರಾದರೂ ಕೇಳಿದರಾ ಮೋಳೇ?" ಎಂದರು.

ಆ ಪ್ರಶ್ನೆ ನನ್ನನ್ನು ಮರುದಿನ ಬೆಳಿಗ್ಗೆ ಕುರ್‌ಆನ್ ವ್ಯಾಖ್ಯಾನದ ಬಳಿಗೆ ಕರೆದೊಯ್ಯಿತು. ವಿಚ್ಛೇದಿತ ದಂಪತಿ ಪರಸ್ಪರ ಒಪ್ಪಿ ಮತ್ತೆ ಮದುವೆಯಾಗಲು ಬಯಸಿದರೆ ಸ್ತ್ರೀಯನ್ನು ತಡೆಯಬಾರದೆಂದು ಅಲ್ ಬಕರಃ ಅಧ್ಯಾಯದ 232ನೇ ಸೂಕ್ತ ಆಜ್ಞಾಪಿಸುತ್ತದೆ. ಮೊದಲ ಗಂಡನಿಗೆ ಹಲಾಲ್ ಮಾಡಿಕೊಡಲೆಂದೇ ನಡೆಸುವ ಮದುವೆಯನ್ನು ಪ್ರವಾದಿ(ಸ)ಯವರು ಶಪಿಸಿದ್ದು ಅಬೂದಾವೂದ್, ತಿರ್ಮಿದಿ ಹದೀಸ್ ಗ್ರಂಥಗಳಲ್ಲಿದೆ. ಇಷ್ಟು ವರ್ಷ ಇವು ನನ್ನ ಮನೆಯಲ್ಲೇ ಇದ್ದವು. ನಾನು ಪಾರಾಯಣ ಮಾಡುತ್ತಿದ್ದೆ, ಓದುತ್ತಿರಲಿಲ್ಲ.

ಧರ್ಮಕ್ಕೆ ಕೆಟ್ಟ ಹೆಸರು ಬರುತ್ತದೆಂದು ಹಿರಿಯರು ಆ ಕಾದಂಬರಿಗೆ ಹೆದರಿದ್ದರು. ಆದರೆ ಅದು ನನ್ನನ್ನು ಧರ್ಮಗ್ರಂಥದ ಹತ್ತಿರಕ್ಕೇ ತಂದಿತು. ತನಗೇನು ಹಕ್ಕಿದೆಯೆಂದು ಸ್ವತಃ ಓದಿ ಅರಿತ ಹೆಣ್ಣನ್ನು ಇನ್ನೊಬ್ಬರ ಮಾತಿನಿಂದ ಹೆದರಿಸುವುದು ಸುಲಭವಲ್ಲ.

ಸಹೋದರಿಯರೇ, ನಾವು ಪಂಡಿತೆಯರಾಗಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ಓದು ಬಾರದ ಉಮ್ಮಂದಿರು ಮನೆಯಲ್ಲಿದ್ದರೆ ಗಟ್ಟಿಯಾಗಿ ಓದೋಣ. ನನ್ನ ಉಮ್ಮ ಈಗ ಮಧ್ಯಾಹ್ನ ಊಟದ ತಟ್ಟೆ ತೆಗೆಯುವ ಮೊದಲೇ, "ಇವತ್ತು ಯಾವ ಪುಸ್ತಕ?" ಎಂದು ಕೇಳುತ್ತಾರೆ.